ಕತ್ತಿ ಮಸೆದ ಹಾಳೆ

ನಮ್ಮ ಊರಿನ ತೊಗಲ ಭಂಡಾರದಲ್ಲಿ ಬೇಸಿಗೆಗೆ ಒಂದು ಕತ್ತಿ ಸಾಕಾಗುತ್ತಿತ್ತು, ಮಳೆಗಾಲಕ್ಕೆ ಎರಡು ಬೇಕಾಗುತ್ತಿದ್ದವು. ಮೃಗಶಿರಾ ಮಳೆ ಬಿದ್ದು ಎಂಟು ದಿನ ಕಳೆಯುವುದರೊಳಗೆ ಪುಸ್ತಕದ ಹಾಳೆಗಳ ಮೇಲೆ ಕೂದಲು ಬೆರಳುದ್ದ ಬಂದುಬಿಡುತ್ತಿತ್ತು. ಬಿಸಿಲ ದಿನಗಳಲ್ಲಾದರೆ ತಿಂಗಳಿಗೊಮ್ಮೆ ಹೆರೆದರೂ ನಡೆಯುತ್ತಿತ್ತು. ನಮ್ಮಜ್ಜ ಹೆರೆದ, ನಮ್ಮಪ್ಪ ಹೆರೆದ, ಆಮೇಲೆ ಮೂವತ್ತೊಂದು ವರ್ಷ ನಾನು ಹೆರೆದೆ. ನನ್ನ ಹೆಸರು ಮಾಳಿಂಗ. ಹೆಸರು ಹೇಳಿದರೆ ಊರಲ್ಲಿ ಅರ್ಧ ಜನಕ್ಕೆ ಗೊತ್ತಾಗುತ್ತಿರಲಿಲ್ಲ. ಹೆರೆಯುವವರ ಮನೆಯವನು ಅಂದರೆ ಕೂಸುಗಳೂ ಬೆರಳು ಮಾಡಿ ತೋರಿಸುತ್ತಿದ್ದವು.

ಹಾಳೆಗಳು ಹಬಶಿ ನಾಡಿನವು, ಆಡಿನ ತೊಗಲಿನವು. ಸಮುದ್ರ ದಾಟಿ ಯಾವ ಕಾಲದಲ್ಲಿ ಬಂದವೋ, ಯಾರ ಹೇರಿನಲ್ಲಿ ಬಂದವೋ ಹೇಳುವವರು ಉಳಿದಿಲ್ಲ. ಒಂದೇ ಕಟ್ಟಿನ ದೊಡ್ಡ ಪುಸ್ತಕವಾಗಿದ್ದುದು ಹೊಲಿಗೆ ಬಿಚ್ಚಿ, ಹರಿದು, ನಲವತ್ತೇಳು ತುಂಡಾಗಿ ಭಂಡಾರದ ಪೆಟ್ಟಿಗೆಗಳಲ್ಲಿ ಕೂತಿತ್ತು. ಕೆಲವು ತುಂಡು ಅಂಗೈಯಷ್ಟು, ಕೆಲವು ಮೊರದಷ್ಟು. ಕಪ್ಪು ಮಸಿ, ನಡುನಡುವೆ ಕೆಂಪು ಮಸಿ. ಅಕ್ಷರಗಳನ್ನು ನೋಡಿದರೆ ಒಬ್ಬ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಾನೆ, ಒಬ್ಬ ಕಾಲು ಮಡಚಿ ಕೂತಿದ್ದಾನೆ, ಒಬ್ಬ ತಲೆಯ ಮೇಲೆ ಹೊರೆ ಹೊತ್ತಿದ್ದಾನೆ ಅನ್ನಿಸುತ್ತಿತ್ತು. ಅವರೆಲ್ಲರ ಗುರುತು ನನಗಿತ್ತು, ಅವರ ಮಾತು ಮಾತ್ರ ತಿಳಿಯುತ್ತಿರಲಿಲ್ಲ. ತೊಗಲಿಗೆ ಎರಡು ಮಗ್ಗುಲು: ಒಂದು ಕೂದಲ ಮಗ್ಗುಲು, ಇನ್ನೊಂದು ಮಾಂಸದ ಮಗ್ಗುಲು. ಬರವಣಿಗೆ ಎರಡೂ ಕಡೆ ಇರುತ್ತಿತ್ತು. ಕೂದಲು ಬರುತ್ತಿದ್ದುದು ಒಂದು ಕಡೆಗೇ.

ಊರು ಇದಕ್ಕೆ ಎಂದೋ ಹೊಂದಿಕೊಂಡಿತ್ತು. ಭಂಡಾರದ ಓಣಿಯಲ್ಲಿ ಆಡಿನ ಹಿಂಡು ಹಾಯುವಂತಿಲ್ಲ. ಹಾಯಲೇಬೇಕಾಗಿ ಬಂದರೆ ಹೋತದ ಕೊರಳ ಗಂಟೆಗೆ ಅರಿವೆ ತುರುಕಬೇಕು, ಮರಿಗಳನ್ನು ಹೆಗಲ ಮೇಲೆ ಹೊತ್ತು ದಾಟಿಸಬೇಕು. ಹೊರಗೆ ಒಂದು ಮರಿ ಒದರಿದರೆ ಒಳಗೆ ಪೆಟ್ಟಿಗೆಯಲ್ಲಿದ್ದ ಹಾಳೆಗಳು ಮೈ ನಿಮಿರಿಸಿಕೊಳ್ಳುತ್ತಿದ್ದವು, ಮತ್ತೆ ನುಣ್ಣಗೆ ಮಲಗುವುದಕ್ಕೆ ಎರಡು ದಿನ ಹಿಡಿಯುತ್ತಿತ್ತು. ಓದಲು ಬಂದ ಪಂಡಿತರು ಮೊದಲು ನಮ್ಮ ಮನೆಗೆ ಬಂದು ಹೆರೆಯುವ ದಿನ ಗೊತ್ತು ಮಾಡಿಕೊಂಡು ಹೋಗುತ್ತಿದ್ದರು. ಹೆರೆದ ಕೂದಲು ಭಂಡಾರದ್ದಲ್ಲ, ಊರಿನದು. ಅದನ್ನು ಹೊಸೆದು ತೊಟ್ಟಿಲ ಹಗ್ಗ ಮಾಡುತ್ತಿದ್ದರು. ಬಸುರಿ ಇದ್ದ ಮನೆಯ ಹೆಂಗಸರು ಏಳನೇ ತಿಂಗಳಿಗೇ ನಮ್ಮ ಬಾಗಿಲಿಗೆ ಬರುತ್ತಿದ್ದರು. ಊರಿನ ಸಾಹುಕಾರನ ಮಗ ಮಲಗಿದ್ದೂ ಆ ಹಗ್ಗದಲ್ಲೇ, ನನ್ನ ಮಗಳು ಲಕ್ಕವ್ವ ಮಲಗಿದ್ದೂ ಆ ಹಗ್ಗದಲ್ಲೇ.

ಲಕ್ಕವ್ವ ಗಂಡನ ಮನೆ ಬಿಟ್ಟು ಬಂದು ಆರು ವರ್ಷವಾಗಿತ್ತು. ಬಂದ ಹೊಸದರಲ್ಲಿ ಹಗಲೆಲ್ಲ ಗೋಡೆ ನೋಡುತ್ತಾ ಕೂತಿರುತ್ತಿದ್ದಳು. ಒಂದು ದಿನ ಬುತ್ತಿ ತಂದವಳ ಕೈಗೆ ಕತ್ತಿ ಕೊಟ್ಟು, "ಈ ಮೂಲಿ ಒಂದೀಟು ಹಿಡಿ ನೋಡೂಣು" ಅಂದೆ. ಆ ಮೂಲೆ ಮುಗಿಸಿದಳು, ಹಾಳೆ ಮುಗಿಸಿದಳು, ಮರುದಿನ ನನಗಿಂತ ಮೊದಲೇ ಭಂಡಾರದ ಮೆಟ್ಟಿಲ ಮೇಲೆ ಕೂತಿದ್ದಳು. ಅವಳ ಕೈ ನನ್ನ ಕೈಗಿಂತ ಹಗುರ. ನನ್ನ ನಂತರ ಆ ಕೆಲಸ ಅವಳಿಗೆ ಬರಬೇಕು, ಅದೊಂದೇ ನನ್ನ ಆಸೆಯಾಗಿತ್ತು. ಬೇರೆ ಹೊಲವಿಲ್ಲ, ಮನೆಯಿಲ್ಲ, ಗಂಡನಿಲ್ಲ. ಕತ್ತಿ ಹಿಡಿದಾಗ ಮಾತ್ರ ಅವಳು ಮನುಷ್ಯಳ ಹಾಗೆ ಉಸಿರಾಡುತ್ತಿದ್ದಳು.

ಭಂಡಾರದ ಪಾರುಪತ್ಯ ಗದಿಗೆಯ್ಯನವರದು. ಕೆಟ್ಟ ಮನುಷ್ಯರಲ್ಲ. ಮಾಘದಲ್ಲಿ ಒಂದು ದಿನ ನನ್ನನ್ನು ಕರೆದು ಕೂರಿಸಿಕೊಂಡು, "ಮಾಳಿಂಗಾ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ. ನೀ ಒಂದು ಸಲ ಹೆರದರ ಅಕ್ಷರದ್ದೂ ಒಂದು ಎಳಿ ಹೋಗತೈತಿ. ಹೌದೋ ಅಲ್ಲೋ?" ಅಂದರು.

"ಹೌದ್ರೀ" ಅಂದೆ. ಸುಳ್ಳು ಹೇಳಲು ಆಗಲಿಲ್ಲ. ಒರೆಸಿದ ಅರಿವೆಯಲ್ಲಿ ಕೂದಲಿನ ಸಂಗಡ ತುಸು ಕಪ್ಪು ಇರುವುದನ್ನು ನಾನೇ ಎಷ್ಟು ಸಲ ನೋಡಿಲ್ಲ.

"ಹಂಗಾದ್ರ ಕೇಳು. ಪ್ಯಾಟ್ಯಾಗ ಒಂದು ಸುಣ್ಣದ ತಿಳಿ ಬಂದೈತಿ. ಎರಡು ಸಲ ಬಳದರ ಕೂದಲ ಬೇರು ಸಹಿತ ಸಾಯತೈತಿ. ಮುಂದ ಯಾರೂ ಹೆರಿಯೂದು ಬ್ಯಾಡ. ಪಂಡಿತರ ಸಭಾದವರು ಅದನ್ನ ಬಳೀರಿ ಅಂತ ಬರದಾರ. ನಾ ಒಂದೀಟು ತಡೀರಿ ಅಂದೀನಿ. ಅವರ ಕಡಿಂದ ಒಬ್ಬಾಕಿ ಓದಾಕ ಬರ್ತಾಳ. ಹೆರಿಯೋ ಕೈಯಿಂದ ಪುಸ್ತಕಕ್ಕ ಏನರೆ ಉಪಯೋಗ ಐತಿ ಅಂತ ಆಕಿ ಬರದರ ನಿಮ್ಮ ಕೆಲಸ ಉಳೀತು, ನಿನ್ನ ಮಗಳಿಗೂ ಹತ್ತಿತು. ಇಲ್ಲಾಂದ್ರ ಈ ಮಳಿಗಾಲಕ್ಕ ಸುಣ್ಣ."

ಬಂದವಳ ಹೆಸರು ಅಸ್ತೇರ್. ಆ ಹಾಳೆಗಳ ನಾಡಿನವಳೇ. ಐವತ್ತರ ಆಸುಪಾಸು, ಎತ್ತರದ ಹೆಂಗಸು, ಬಣ್ಣದ ಅಂಚಿನ ಬಿಳಿ ಹೊದಿಕೆ ಹೊದ್ದುಕೊಂಡಿದ್ದಳು. ನಮ್ಮ ಮಾತನ್ನು ಪುಸ್ತಕ ಓದಿಯೇ ಕಲಿತಿದ್ದಳು. ಮೊದಲ ದಿನ ನಮ್ಮ ಅಂಗಳದಲ್ಲಿ ನಿಂತು ಎರಡೂ ಕೈ ಜೋಡಿಸಿ, "ತಾವೇ ಮಾಳಿಂಗರೋ? ತಮ್ಮ ಕತ್ತಿಯನ್ನು ನಾನು ವೀಕ್ಷಿಸಬಹುದೇ?" ಅಂದಳು.

ಲಕ್ಕವ್ವ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದಳು. ಆಕೆ ಹೋದ ಮೇಲೆ, "ಯಪ್ಪಾ, ಈಕಿ ಪುರಾಣದಾಗಿಂದ ಎದ್ದು ಬಂದಂಗ ಮಾತಾಡ್ತಾಳಲ್ಲೋ. ಒಂದು ಅಂಬಾರಿ ಕಮ್ಮಿ" ಅಂದು ನಕ್ಕಳು. ಅವಳು ನಗುವುದನ್ನು ನೋಡಿ ಬಹಳ ದಿನವಾಗಿತ್ತು.

"ನಿಮ್ಮ ನಾಡಿನ್ಯಾಗೂ ಹಾಳಿ ಹೆರಿಯೋರು ಇರ್ತಾರೇನ್ರಿ?" ಅಂತ ನಾನು ಒಂದು ದಿನ ಆಕೆಯನ್ನು ಕೇಳಿದೆ.

"ಬರೆಯುವುದಕ್ಕೆ ಮೊದಲು ಒಮ್ಮೆ ಹೆರೆಯುತ್ತಾರೆ. ಚರ್ಮವನ್ನು ನೆನೆಸಿ, ಚೌಕಟ್ಟಿಗೆ ಬಿಗಿದು, ಬಾಗಿದ ಕತ್ತಿಯಿಂದ. ಅನಂತರ ಕೂದಲು ಬರುವುದಿಲ್ಲ."

"ಮತ್ತ ಹೆರಿಯೋರು ಮುಂದ ಏನು ಮಾಡ್ತಾರ?" ಅಂದಳು ಲಕ್ಕವ್ವ.

ಆಕೆ ಸ್ವಲ್ಪ ಯೋಚಿಸಿ, "ಮತ್ತೊಂದು ಆಡಿನ ಬಳಿಗೆ ಹೋಗುತ್ತಾರೆ" ಅಂದಳು.

ಆಕೆಯ ಕೆಲಸ ಪುಸ್ತಕವನ್ನು ಮೊದಲಿದ್ದ ಕ್ರಮಕ್ಕೆ ಜೋಡಿಸುವುದು. ಯಾವ ತುಂಡಿನ ಮುಂದೆ ಯಾವುದು ಬರಬೇಕು ಅನ್ನುವುದನ್ನು ಬರವಣಿಗೆಯಿಂದ ಹುಡುಕುತ್ತಿದ್ದಳು. ನಾವು ಬೆಳಿಗ್ಗೆ ಹೆರೆದುಕೊಟ್ಟ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು, ದಪ್ಪ ಗಾಜು ಕಣ್ಣಿಗಿಟ್ಟು, ಸಾಲು ಎಣಿಸಿ, ತೆಳುವಾದ ಕಾಗದದ ಮೇಲೆ ಅಕ್ಷರದ ಮೈಕಟ್ಟು ಇಳಿಸಿಕೊಳ್ಳುತ್ತಿದ್ದಳು. ಎರಡು ತಿಂಗಳಲ್ಲಿ ಅರ್ಧ ಪುಸ್ತಕ ಕೂಡಿಸಿದಳು. ಆಮೇಲೆ ಗಾಡಿ ನಿಂತುಬಿಟ್ಟಿತು. ಉಳಿದ ತುಂಡುಗಳೆಲ್ಲ ಪ್ರಾರ್ಥನೆಯವಂತೆ. ಅದದೇ ಮಾತು ತಿರುಗಿ ತಿರುಗಿ ಬರುತ್ತದೆ, ಬರೆದವನ ಕೈಯೂ ಒಂದೇ, ಯಾವುದು ಮೊದಲು ಯಾವುದು ಆಮೇಲೆ ತಿಳಿಯುವುದಿಲ್ಲ. ಮೂರು ದಿನ ಆಕೆ ತಲೆಗೆ ಕೈ ಕೊಟ್ಟು ಕೂತಿದ್ದು ನೋಡಿ ನನಗೇ ತಡೆಯಲಿಲ್ಲ. ಎದುರಿಗಿದ್ದ ತುಂಡುಗಳಲ್ಲಿ ಮೂರನ್ನು ಎತ್ತಿ ಒಂದರ ಪಕ್ಕ ಒಂದು ಇಟ್ಟೆ.

"ಇವು ಮೂರೂ ಒಂದೇ ಕರಿ ಆಡಿನವು ನೋಡ್ರಿ. ಇದು ಬೆನ್ನು, ಇದು ಎಡಪಕ್ಕಿ, ಇದು ತೊಡಿ ಹತ್ರದ್ದು."

"ತಮಗೆ ಹೇಗೆ ಗೊತ್ತು?"

ಹೇಗೆ ಗೊತ್ತು ಅಂದರೆ ಏನು ಹೇಳಲಿ. ಕೂದಲು ಬೆನ್ನಿನಿಂದ ಹೊಟ್ಟೆಗೆ ಇಳಿಯುತ್ತದೆ. ಬೆನ್ನ ಮೇಲಿನದು ಉದ್ದ, ಹೊಟ್ಟೆಯದು ಮೆತ್ತಗೆ. ಕರಿ ಆಡಿನದು ಒಂದು ಬಿಗಿ, ಬಿಳಿಯದರದು ಒಂದು ಬಿಗಿ. ಎರಡು ದಿನದ ಕುರುಚಲ ಮೇಲೆ ಬೆರಳಾಡಿಸಿದರೆ ಯಾವ ಮೈಯ ಯಾವ ಭಾಗ ಅನ್ನುವುದು ತಾನಾಗಿ ತಿಳಿಯುತ್ತದೆ. ಪುಸ್ತಕ ಮಾಡುವವನು ಒಂದು ತೊಗಲು ಮುಗಿದ ಮೇಲೆ ಇನ್ನೊಂದು ತೊಗಲಿಗೆ ಕೈ ಹಾಕಿರುತ್ತಾನೆ. ಹಾಗಾದರೆ ಒಂದು ಆಡಿನ ಹಾಳೆಗಳು ಒಂದೆಡೆ ಇರಬೇಕಲ್ಲ.

ಆಕೆ ಪರೀಕ್ಷೆ ಮಾಡಿದಳು. ಎರಡು ದಿನ ಹೆರೆಯದೆ ಬಿಟ್ಟು, ಬರವಣಿಗೆಯಿಂದ ಈಗಾಗಲೇ ಜಾಗ ಗೊತ್ತಾಗಿದ್ದ ಹತ್ತು ತುಂಡುಗಳನ್ನು ಕಲಸಿ, ನಮ್ಮಿಬ್ಬರ ಕಣ್ಣಿಗೂ ಬಟ್ಟೆ ಕಟ್ಟಿ ಮುಂದಿಟ್ಟಳು. ನಾನು ಒಂದನ್ನು ಮುಟ್ಟಿ, "ಇದೂ ಆ ಕರಿ ಆಡಿಂದಽ" ಅಂದೆ. ಲಕ್ಕವ್ವ ಅದನ್ನೇ ಮುಟ್ಟಿ, "ಅಲ್ಲಪ್ಪೋ. ಇದು ಕಂದು. ಮುದಿ ಆಡು, ಹಲ್ಲು ಬಿದ್ದಿರಬೇಕು, ಕೂದಲ ಹೆಂಗ ಒರಟ ಆಗೇತಿ ನೋಡು" ಅಂದಳು. ಬಟ್ಟೆ ಬಿಚ್ಚಿ ನೋಡಿದರೆ ಅವಳದೇ ಸರಿ. ಅವಳು ಹೇಳಿದ ಹತ್ತಕ್ಕೆ ಹತ್ತೂ ಬರವಣಿಗೆಯ ಕ್ರಮಕ್ಕೆ ಕೂಡಿದವು. ಅಸ್ತೇರಮ್ಮ ಅವಳ ಬಲಗೈಯನ್ನು ಹಿಡಿದು ತನ್ನ ಹಣೆಗೆ ಒತ್ತಿಕೊಂಡಳು. ಒಂದು ವಾರದಲ್ಲಿ ನಲವತ್ತೇಳು ತುಂಡುಗಳನ್ನೂ ನಾವು ಆಡಿನ ಪ್ರಕಾರ ವಿಂಗಡಿಸಿಕೊಟ್ಟೆವು. ಒಟ್ಟು ಹನ್ನೊಂದು ಆಡು ಆದವು.

ಅದು ಮುಗಿದ ಸಂಜೆ ಆಕೆ ನಮ್ಮ ಅಂಗಳದಲ್ಲಿ ಒಲೆ ಹೂಡಿ, ತಮ್ಮ ನಾಡಿನ ಪದ್ಧತಿಯ ಹಾಗೆ ಹಸಿ ಕಾಫಿ ಬೀಜ ಹುರಿದು, ಕುಟ್ಟಿ, ಕಾಸಿ, ಸಣ್ಣ ಬಟ್ಟಲಲ್ಲಿ ಕೊಟ್ಟಳು. ಮೂರು ಸಲ ಕುಡಿಯಬೇಕಂತೆ. ಮೂರನೆಯದು ಕುಡಿಯುವವರಿಗೆ ಆಶೀರ್ವಾದವಂತೆ. ನಾವು ಕುಡಿದೆವು. ಆಮೇಲೆ ಆಕೆ ಬಟ್ಟಲು ಕೆಳಗಿಟ್ಟು, "ಆದರೆ ಒಂದು ತೊಡಕಿದೆ" ಅಂದಳು. "ಬೆರಳಿನ ಮಾತು ಸಭೆಗೆ ಸಾಲುವುದಿಲ್ಲ. ಅವರಿಗೆ ಬರೆದದ್ದು ಬೇಕು. ನಮ್ಮಲ್ಲಿ ಕೆಲವು ಪುಸ್ತಕಗಳ ಕಡೆಯ ಹಾಳೆಯಲ್ಲಿ ಬರೆಸಿದವರು ಯಾರು, ಚರ್ಮ ಕೊಟ್ಟವರು ಯಾರು ಎಂದು ಬರೆದಿಡುತ್ತಾರೆ. ಈ ಪುಸ್ತಕದ ಕಡೆಯ ಹಾಳೆ ಇಲ್ಲ. ಅದೊಂದು ಇದ್ದಿದ್ದರೆ ತಮ್ಮ ಮಗಳ ಬೆರಳಿಗೆ ಅದೇ ಸಾಕ್ಷಿ ಹೇಳುತ್ತಿತ್ತು."

ಲಕ್ಕವ್ವ ನನ್ನ ಮುಖ ನೋಡಲಿಲ್ಲ. ನಾನೂ ಅವಳ ಮುಖ ನೋಡಲಿಲ್ಲ. ನಾವಿಬ್ಬರೂ ನೋಡಬಾರದು ಅಂದುಕೊಂಡದ್ದು ನಡುಮನೆಯ ಗೋಡೆಗೆ ತೂಗುತ್ತಿತ್ತು.

ಅದು ಕತ್ತಿ ಮಸೆಯುವ ಪಟ್ಟಿ. ಅಜ್ಜನ ಕಾಲದಿಂದ ಆ ಮೊಳೆಗೇ ಇತ್ತು. ಮೊಳದುದ್ದದ ತೊಗಲು, ಭಂಡಾರದ ಹೊರಗೆ ಉಳಿದಿದ್ದ ಒಂದೇ ಹಾಳೆ. ಗೋಡೆ ಕಡೆಯ ಮಗ್ಗುಲಲ್ಲಿ ಕೂದಲು ಬೆಳೆದು, ಹೆಣೆದುಕೊಂಡು, ಕರಿ ಹೋತದ ಗಡ್ಡದ ಹಾಗೆ ಜೋಲುತ್ತಿತ್ತು. ಅದನ್ನು ನಾವು ಎಂದೂ ಹೆರೆಯಲಿಲ್ಲ. ಹಿಡಿಯುವುದಕ್ಕೆ ಮೆತ್ತಗಿರಲಿ ಅಂತ ಬಿಟ್ಟಿದ್ದೆವು. ಈ ಕಡೆಯ ಮಗ್ಗುಲ ಮೇಲೆ ದಿನವೂ ಕತ್ತಿ ಎಳೆದು ಎಳೆದು ಕನ್ನಡಿಯಾಗಿತ್ತು. ಅಜ್ಜ ಅದನ್ನು ತಂದನೋ, ಆಗಿನ ಪಾರುಪತ್ಯಗಾರರು ಹರಕು ತುಂಡು ಅಂತ ಕೊಟ್ಟರೋ, ನನಗೆ ತಿಳಿಯದು. ಕೇಳುವ ವಯಸ್ಸಿನಲ್ಲಿ ಕೇಳಲಿಲ್ಲ. ಒಂದು ಮಾತ್ರ ನೆನಪಿದೆ. ನಾನು ಸಣ್ಣವನಿದ್ದಾಗ ಆ ನುಣುಪಿನ ಮೇಲೆ ಅಲ್ಲಲ್ಲಿ ಕೆಂಪು ಚುಕ್ಕಿಗಳ ಸಾಲು ಇತ್ತು. ಕತ್ತಿ ಹಿಡಿಯುವುದನ್ನು ಕಲಿಸುತ್ತಾ ಅಜ್ಜ, "ಆ ಚುಕ್ಕಿ ಮ್ಯಾಲ ಹಾಯ್ಸು, ಅಲ್ಲೆ ತೊಗಲು ಚಲೋ ಐತಿ" ಅನ್ನುತ್ತಿದ್ದ. ನನಗೆ ಮದುವೆಯಾಗುವ ಹೊತ್ತಿಗೆ ಚುಕ್ಕಿಗಳು ಇರಲಿಲ್ಲ.

"ಕೊಡಬ್ಯಾಡಪ್ಪಾ" ಅಂದಳು ಲಕ್ಕವ್ವ, ಅಸ್ತೇರಮ್ಮ ಅತ್ತ ಹೋದ ಕೂಡಲೇ. "ನಿಮ್ಮ ಮನಿಗೆ ಹೆಂಗ ಬಂತು ಅಂತ ಕೇಳ್ತಾರ."

"ಇದ್ದದ್ದು ಇದ್ದಂಗ ಹೇಳೂಣು."

"ಇದ್ದದ್ದು ಏನಂತ ನಿನಗರೆ ಗೊತ್ತೈತೇನು?"

"ಕೂದಲ ಮಗ್ಗಲಿಗೆ ಬರದದ್ದು ಹಂಗಽ ಇರಬೇಕಲ್ಲಬೇ. ಅದರಾಗ ಆಡಿನ ಹೆಸರು ಬಂತಂದ್ರ ಕೆಲಸ ನಿನ್ನ ಕೈಯಾಗ ಉಳೀತೈತಿ. ನಾ ಇನ್ನೆಷ್ಟು ದಿನ?"

"ನನ್ನ ಹೆಸರ ಹೇಳಿ ಮಾಡಬ್ಯಾಡ" ಅಂದಳು. "ಮಾಡೂದಾದ್ರ ನಿನ್ನ ಸಲುವಾಗಿ ಮಾಡು."

ನಾನು ಮರುದಿನ ಪಟ್ಟಿಯನ್ನು ಮೊಳೆಯಿಂದ ಇಳಿಸಿ, ಅರಿವೆಯಲ್ಲಿ ಸುತ್ತಿಕೊಂಡು ಹೋದೆ.

ಭಂಡಾರದ ನಡುಮೇಜಿನ ಸುತ್ತ ಗದಿಗೆಯ್ಯನವರು, ಊರಿನ ಇಬ್ಬರು ಹಿರಿಯರು, ಅಸ್ತೇರಮ್ಮ ನಿಂತರು. ನಾನು ಕತ್ತಿಯನ್ನು ಲಕ್ಕವ್ವನಿಗೆ ಕೊಟ್ಟೆ. ಅವಳು ಮೊದಲು ಗಂಟುಗಳನ್ನು ಬಿಡಿಸಿದಳು, ನೀರು ತೀಡಿದಳು, ಆಮೇಲೆ ಬೆನ್ನಿನ ಕಡೆಯಿಂದ ಹೊಟ್ಟೆಯ ಕಡೆಗೆ ಒಂದೇ ಸಮನೆ ಎಳೆದಳು. ಅರವತ್ತು ವರ್ಷದ ಕೂದಲು. ತೆಗೆದಿಟ್ಟರೆ ಮೇಜಿನ ಮೇಲೆ ಒಂದು ಮರಿ ಮಲಗಿದಷ್ಟು ಆಯಿತು. ಕೆಳಗಿನಿಂದ ಅಕ್ಷರ ಬಂದವು. ಅಂಥ ಕಪ್ಪನ್ನು ನಾನು ನನ್ನ ಜನ್ಮದಲ್ಲಿ ನೋಡಿರಲಿಲ್ಲ. ನಿನ್ನೆ ಬರೆದು ಎದ್ದು ಹೋದ ಹಾಗೆ, ಮುಟ್ಟಿದರೆ ಬೆರಳಿಗೆ ಹತ್ತುತ್ತದೆಯೋ ಅನ್ನುವ ಹಾಗೆ. ಆ ಮಸಿಯನ್ನು ನೋಡಿ ನನಗೆ ಸಂತೋಷವಾಗಬೇಕಾಗಿತ್ತು.

ಗದಿಗೆಯ್ಯನವರು ಮೆಲ್ಲಗೆ ಹಿರಿಯರ ಕಡೆ ತಿರುಗಿ, "ನೋಡ್ರಿ. ಕತ್ತಿ ತಾಕದ ಹಾಳಿ ಹೆಂಗಿರತೈತಿ" ಅಂದರು.

ಅಸ್ತೇರಮ್ಮ ಓದಿದಳು. ಮೊದಲು ತನ್ನ ಭಾಷೆಯಲ್ಲಿ, ಎದೆಯೊಳಗೇ ಅನ್ನುವಂತೆ. ಆಮೇಲೆ ನಮ್ಮ ಮಾತಿನಲ್ಲಿ, ತಡೆತಡೆದು:

"ಈ ಪುಸ್ತಕವು ಹನ್ನೊಂದು ಆಡುಗಳಿಂದಾಯಿತು. ಕೊಟ್ಟವರು ಬಡವರು. ಅವರ ಬಳಿ ಕೊಡಲು ಬೇರೇನೂ ಇರಲಿಲ್ಲ. ಅವರ ಮೊಮ್ಮಕ್ಕಳು ಎಂದಾದರೂ ಬಂದು ನಮ್ಮ ಆಡು ಎಲ್ಲಿ ಎಂದು ಕೇಳಿದರೆ ತೋರಿಸುವುದಕ್ಕಾಗಿ, ಯಾವ ಆಡು ಯಾರದು, ಅದರ ಬಣ್ಣ ಯಾವುದು, ಅದು ಎಷ್ಟನೆಯ ಹಾಳೆಯಿಂದ ಎಷ್ಟನೆಯ ಹಾಳೆಯವರೆಗೆ ಇದೆ ಎಂಬುದನ್ನು ಒಂದನ್ನೂ ಬಿಡದೆ ಹಿಂದುಗಡೆ ಬರೆದಿದ್ದೇನೆ."

ಲಕ್ಕವ್ವ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹನ್ನೊಂದು ಅಂದ ಕೂಡಲೇ ಹಿಡಿದಿದ್ದಳು. ಅಸ್ತೇರಮ್ಮ ಹಾಳೆಯನ್ನು ಹಿಂದುಗಡೆಗೆ ತಿರುಗಿಸಿದಳು.

ಕಿಟಕಿಯ ಬೆಳಕು ಅದರ ಮೇಲೆ ಬಿದ್ದು ಎದುರು ಗೋಡೆಗೆ ಹೊಳೆಯಿತು. ಅಷ್ಟು ನುಣುಪು. ಆಕೆ ಗಾಜು ಹಿಡಿದು ಮೇಲಿನಿಂದ ಕೆಳಗಿನವರೆಗೆ ನೋಡಿದಳು, ಓರೆಯಾಗಿ ಹಿಡಿದು ನೋಡಿದಳು, ಬೆಳಕಿಗೆ ಎತ್ತಿ ಹಿಂದಿನಿಂದ ನೋಡಿದಳು. ಕೆಳಗಿನ ಮೂಲೆಯಲ್ಲಿ, ಹಿಡಿಕೆ ಕಟ್ಟಿದ ದಾರದ ಅಡಿಯಲ್ಲಿ, ಒಂದು ಕೆಂಪು ಚುಕ್ಕಿ ಉಳಿದಿತ್ತು.

ಹಿರಿಯರಲ್ಲಿ ಒಬ್ಬರು ಕೆಮ್ಮಿದರು. ಗದಿಗೆಯ್ಯನವರು, "ಎಷ್ಟು ವರ್ಷ ಮಸದಿರಿ?" ಅಂತ ಕೇಳಿದರು.

"ಮೂರು ತಲಿಮಾರು" ಅಂದೆ.

"ಹನ್ನೊಂದು ಅಂತ ಬಂದೈತಲ್ರೀ" ಅಂದಳು ಲಕ್ಕವ್ವ. "ನಾವೂ ಹನ್ನೊಂದು ಅಂದಿದ್ವಿ. ಓದೂದಕ್ಕ ಮೊದಲಽ ಅಂದಿದ್ವಿ. ಅಮ್ಮಾರನ್ನಽ ಕೇಳ್ರಿ."

ಗದಿಗೆಯ್ಯನವರು ಅವಳ ಕಡೆ ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು. "ತಂಗೀ, ಹಾಳಿ ನಿಮ್ಮ ಮನ್ಯಾಗಽ ಇತ್ತು. ಯಾರರೆ ಓದಿ ಹೇಳಿರಬೌದು ಅಂತ ಸಭಾದವರು ಅಂತಾರ. ನಾ ಏನು ಉತ್ತರ ಕೊಡ್ಲಿ?"

ಓದಿ ಹೇಳಿಸಿಕೊಂಡಿದ್ದರೆ ಅದರ ಮೇಲೆ ಕತ್ತಿ ಎಳೆಯುತ್ತಿದ್ದೆವೇ ಅಂತ ನಾನು ಕೇಳಬೇಕಾಗಿತ್ತು. ಆ ಮಾತು ಹೊಳೆದದ್ದು ಮೂರು ದಿನದ ನಂತರ, ಬಾವಿಯ ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದಾಗ. ಆ ಹೊತ್ತಿಗೆ ನನಗೆ ಕಾಣುತ್ತಿದ್ದುದು ಒಂದೇ: ಬಡವರ ಹನ್ನೊಂದು ಹೆಸರು, ಅದರ ಮೇಲೆ ಹಿಂದಕ್ಕೆ ಮುಂದಕ್ಕೆ ಹೋಗುವ ನನ್ನ ಕೈ. ನಮ್ಮ ಹಾಗೆಯೇ ಆಡು ಸಾಕಿದ ಜನ. ಇರುವುದರಲ್ಲಿ ಒಂದನ್ನು ಕೊಟ್ಟು, ಹೆಸರು ಬರೆದಿಟ್ಟಿದ್ದಾರೆ ಅನ್ನುವ ಧೈರ್ಯದಿಂದ ಮನೆಗೆ ಹೋಗಿರುತ್ತಾರೆ.

ಅಸ್ತೇರಮ್ಮ ಮರುದಿನ ಮತ್ತೆ ಅಂಗಳಕ್ಕೆ ಬಂದಳು. ಮತ್ತೆ ಬೀಜ ಹುರಿದಳು. ಮೊದಲನೆಯ ಬಟ್ಟಲು ಕೊಟ್ಟು ಆಕೆ, "ಹಾಳೆ ಎಲ್ಲಿ ಸಿಕ್ಕಿತು, ಯಾವ ಸ್ಥಿತಿಯಲ್ಲಿ ಸಿಕ್ಕಿತು ಎಂಬುದನ್ನು ನಾನು ಬರೆಯಬೇಕಾಗುತ್ತದೆ" ಅಂದಳು.

"ಬರೀರಿ" ಅಂದೆ. "ಆದ್ರ ನಮ್ಮ ಬೆರಳು ಹೇಳಿದ್ದೂ ಬರೀರಿ."

"ಹೆರೆಯುವವರು ಹೀಗೆ ಹೇಳುತ್ತಾರೆ ಎಂದು ಬರೆಯುತ್ತೇನೆ."

"ಹೇಳ್ತಾರ ಅಂತಲ್ರಿ. ಖರೆ ಅಂತ ಬರೀರಿ. ನೀವಽ ಕಣ್ಣಿಗೆ ಅರಿವಿ ಕಟ್ಟಿ ನೋಡೀರಿ. ನಿಮಗ ಗೊತ್ತಿಲ್ಲೇನು?"

"ತಮ್ಮ ಬೆರಳು ಸತ್ಯವನ್ನೇ ನುಡಿಯಿತೆಂದು ನಾನು ಬಲ್ಲೆ" ಅಂದಳು. ಆಕೆಯ ಕಣ್ಣು ತುಂಬಿತ್ತು. "ಆ ಪರೀಕ್ಷೆಯನ್ನೂ ಬರೆಯುವೆ. ಹಾಳೆ ತಮ್ಮ ಮನೆಯಲ್ಲಿದ್ದಿತೆಂದು ಬರೆದ ಮೇಲೆ ಅದನ್ನು ಯಾರೂ ನಂಬಲಾರರು. ಆದರೆ ಬರೆಯದೆ ಇರಲಾರೆ."

ಲಕ್ಕವ್ವ ಎದ್ದು ತನ್ನ ಬಟ್ಟಲನ್ನು ತುಳಸಿಯ ಬುಡಕ್ಕೆ ಸುರಿದು, ತೊಳೆದು, ಆಕೆಯ ಮುಂದೆ ಬೋರಲು ಇಟ್ಟು ಒಳಗೆ ಹೋದಳು. ಆ ದಿನ ಎರಡನೆಯ ಬಟ್ಟಲಿಗೇ ಎಲ್ಲ ನಿಂತಿತು. ಮೂರನೆಯದನ್ನು ಆಕೆ ಕಾಸಲೂ ಇಲ್ಲ.

ಸಭೆಯ ಉತ್ತರ ಬರಲು ತಡವಾಗಲಿಲ್ಲ. ಭಂಡಾರದ ಹಾಳೆಯನ್ನು ಮನೆಯಲ್ಲಿಟ್ಟುಕೊಂಡು ಕೆಡಿಸಿದ್ದಕ್ಕೆ ನನಗೆ ಬಾಗಿಲು ಮುಚ್ಚಿತು. ಮೃಗಶಿರಾ ಹುಟ್ಟುವ ಮೊದಲೇ ಪೇಟೆಯಿಂದ ಸುಣ್ಣದ ತಿಳಿಯ ಡಬ್ಬಿಗಳು ಬಂದವು. ಬಳಿಯುವುದಕ್ಕೆ ಪೇಟೆಯಿಂದಲೇ ಒಬ್ಬನನ್ನು ಕರೆಸಿದ್ದರು. ಅವನು ಮೊದಲ ತುಂಡನ್ನೇ ಎತ್ತುವಾಗ ಹರಿದ. ಆ ಹಾಳೆಗಳನ್ನು ಹೇಗೆ ಎತ್ತಬೇಕು, ಎಲ್ಲಿ ಹಿಡಿದರೆ ಜೀವ ತಡೆಯುತ್ತದೆ ಅನ್ನುವುದು ಊರಲ್ಲಿ ಎರಡೇ ಜನಕ್ಕೆ ಗೊತ್ತಿತ್ತು. ಒಬ್ಬನನ್ನು ಹೊರಗೆ ಹಾಕಿದ್ದರು. ಗದಿಗೆಯ್ಯನವರು ಲಕ್ಕವ್ವನಿಗೆ ಹೇಳಿ ಕಳಿಸಿದರು.

"ಹೋಗ್ತೀಯೇನು?" ಅಂತ ಕೇಳಿದೆ.

"ಮತ್ತ ಹೊಟ್ಟಿಗೆ ಏನು ತಿನ್ನೂಣು? ನಿನ್ನ ಖರೇತನ ತಿನ್ನೂಣೇನು?" ಅಂದು ಸೆರಗು ಸಿಕ್ಕಿಸಿಕೊಂಡು ಹೋದಳು.

ಹದಿನೆಂಟು ದಿನ ಬಳಿದಳು. ಸಂಜೆ ಬಂದರೆ ಬೆರಳ ತುದಿಗಳು ಬೆಳ್ಳಗೆ, ಸುಲಿದ ಬೆಳ್ಳುಳ್ಳಿಯ ಹಾಗೆ ಇರುತ್ತಿದ್ದವು. ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಹದಿನೆಂಟನೆಯ ದಿನ ರೊಟ್ಟಿ ತಟ್ಟುತ್ತಾ ಬೆನ್ನು ಮಾಡಿಕೊಂಡೇ, "ಇವತ್ತು ಕಂದು ಆಡು ಮುಗೀತು" ಅಂದಳು. ನಾನು ಹೂಂ ಅಂದೆ. ಆಮೇಲೆ ತಟ್ಟುವುದನ್ನು ನಿಲ್ಲಿಸಿ ತನ್ನ ಬೆರಳುಗಳನ್ನು ಒಂದಕ್ಕೊಂದು ತಿಕ್ಕಿ ನೋಡಿಕೊಂಡಳು. "ಹಿಟ್ಟು ಸಣ್ಣ ಐತೋ ದಪ್ಪ ಐತೋ ಗೊತ್ತಾಗವಲ್ದು" ಅಂದಳು.

ಮಳೆ ಬಂತು. ಹಾಳೆಗಳು ಬೋಳಾಗಿಯೇ ಇದ್ದವು. ಆಷಾಢದಲ್ಲಿ ಒಂದು ಹಿಂಡು ಗಂಟೆ ಬಾರಿಸುತ್ತಾ ಭಂಡಾರದ ಓಣಿಯಲ್ಲೇ ನಡುಮಧ್ಯಾಹ್ನ ಹಾಯಿತು, ಮರಿಗಳು ಬಾಯಿ ತುಂಬಾ ಒದರಿದವು, ಒಳಗೆ ಏನೂ ಆಗಲಿಲ್ಲ. ಆಡು ಕಾಯುವವನಿಗೆ ಬಹಳ ಅನುಕೂಲವಾಯಿತು, ಸುತ್ತುದಾರಿ ತಪ್ಪಿತು. ಊರು ಒಂದು ಮಳೆಗಾಲದೊಳಗೆ ಇದಕ್ಕೂ ಹೊಂದಿಕೊಂಡಿತು. ತೊಟ್ಟಿಲ ಹಗ್ಗದ ಮಾತು ಮಾತ್ರ ಹೆಂಗಸರ ಬಾಯಲ್ಲಿ ಉಳಿಯಿತು. ಬಾವಿಯ ಹತ್ತಿರ ಕುಂಬಾರ ಓಣಿಯ ನಾಗವ್ವ ನನ್ನನ್ನು ನೋಡಿ ಕೊಡ ಕೆಳಗಿಟ್ಟು ನಿಂತಳು.

"ಮಾಳಣ್ಣಾ, ಮೂರು ತಲಿ ಸುಮ್ಮನಿದ್ದೋರು ನೀ ಇನ್ನೊಂದು ನಾಲ್ಕು ವರ್ಷ ಸುಮ್ಮನಿದ್ದಿದ್ರ ನಿನ್ನ ಗಂಟೇನು ಹೋಗ್ತಿತ್ತೋ? ನಮ್ಮ ಸೊಸಿ ಕೂಸು ನೈಲಾನ ಹಗ್ಗದಾಗ ಮಲಗೈತಿ. ಜಾರಿ ಬಿದ್ದರ ನಿನ್ನ ಹೆಸರು ಹೇಳ್ತೀನಿ."

"ಹೇಳಬೇ" ಅಂದೆ.

ಅಸ್ತೇರಮ್ಮ ತನ್ನ ನಾಡಿಗೆ ಹೋಗಿ ಒಂದು ಕಾಗದ ಬರೆದಳು. ನನಗೆ ಓದು ಬಾರದು, ಓದಿಸುವುದಕ್ಕೆ ಗದಿಗೆಯ್ಯನವರ ಹತ್ತಿರ ಹೋಗಬೇಕಾಗಿತ್ತು, ನಾನು ಹೋಗಲಿಲ್ಲ. ಅದು ಪಟ್ಟಿ ಇದ್ದ ಮೊಳೆಗೆ ಸಿಕ್ಕಿಸಿದ್ದು ಹಾಗೆಯೇ ಇದೆ. ಕತ್ತಿ ತುಕ್ಕು ಹಿಡಿಯಿತು. ಮಸೆಯೋಣ ಅಂದರೆ ಅಂಗೈ ಬಿಟ್ಟರೆ ಬೇರೆ ತೊಗಲಿಲ್ಲ.

ಮುಂದಿನ ವರ್ಷ ಸಭೆಯ ಪಂಡಿತರು ಪುಸ್ತಕವನ್ನು ಹೊಸದಾಗಿ ಜೋಡಿಸಿ, ಭಂಡಾರದ ಪಡಸಾಲೆಯಲ್ಲಿ ಗಾಜಿನ ಪೆಟ್ಟಿಗೆ ಮಾಡಿ, ಹಾಳೆಗಳನ್ನು ಒಂದರ ಅಂಚಿಗೆ ಒಂದು ಹೊಲಿದು ಸಾಲಾಗಿ ಹರಡಿಟ್ಟರು. ಯಾರು ಬೇಕಾದರೂ ಹೋಗಿ ನೋಡಬಹುದು ಅಂತ ಡಂಗುರ ಹೊಡೆಸಿದರು. ಯಾರು ಬೇಕಾದರೂ ಅಂದ ಮೇಲೆ ನಾನೂ ಹೋದೆ. ಊರೆಲ್ಲ ಸೇರಿತ್ತು. ಲಕ್ಕವ್ವ ಒಳಗೆ ಕೆಲಸದಲ್ಲಿದ್ದಳು. ಸುಣ್ಣ ಬಳಿದು ಮುಗಿದ ಮೇಲೆ ಅವಳನ್ನು ಪೆಟ್ಟಿಗೆ ಕಾಯುವುದಕ್ಕೆ ಇಟ್ಟುಕೊಂಡಿದ್ದರು. ಭಂಡಾರದ ಕೆಲಸ ಅವಳಿಗೆ ಹತ್ತಲಿ ಅಂತ ನಾನು ಬೇಡಿಕೊಂಡದ್ದು ಹೀಗೆ ಹತ್ತಿತ್ತು.

ಸಾಲಿನ ಉದ್ದಕ್ಕೂ ನಡೆಯುತ್ತಾ ಬಂದೆ. ಮಸಿ ತಿಳಿಯಾಗಿತ್ತು, ತೊಗಲು ಸತ್ತವರ ಹಣೆಯ ಹಾಗೆ ಬೆಳ್ಳಗಾಗಿತ್ತು. ಮೊದಲರ್ಧ ಸರಿ ಇತ್ತು. ಆಮೇಲೆ ಪ್ರಾರ್ಥನೆಯ ತುಂಡುಗಳು ಬಂದವು. ಅಲ್ಲಿಗೆ ಬಂದು ನಿಂತೆ. ಕೂದಲಿಲ್ಲದಿದ್ದರೂ ಒಂದೊಂದು ತುಂಡಿನ ಹರಕು ಅಂಚೂ ನನಗೆ ಗುರುತಿತ್ತು. ಕರಿ ಆಡಿನ ಬೆನ್ನು ಇತ್ತು. ಅದರ ಪಕ್ಕದಲ್ಲಿ ಎಡಪಕ್ಕೆ ಇರಬೇಕು. ಅಲ್ಲಿ ಆ ಕಂದು ಮುದಿ ಆಡಿನ ಹೊಟ್ಟೆಯನ್ನು ತಂದು ಹೊಲಿದಿದ್ದರು. ಎಡಪಕ್ಕೆ ಎಲ್ಲೋ ಆರು ಹಾಳೆ ಆಚೆ, ಬಿಳಿ ಆಡಿನ ನಡುವೆ ಅನಾಥವಾಗಿ ಬಿದ್ದಿತ್ತು. ಹೊಸ ದಾರ, ಗಟ್ಟಿ ಹೊಲಿಗೆ. ಇನ್ನು ಬಿಚ್ಚುವವರಿಲ್ಲ. ಕೆಳಗೆ ಹಿತ್ತಾಳೆಯ ತಗಡಿನಲ್ಲಿ ಏನೋ ಬರೆದಿದ್ದರು, ಪಕ್ಕದಲ್ಲಿದ್ದವನು ಓದಿ ಹೇಳಿದ: "ಮೂಲ ಕ್ರಮದಲ್ಲಿ."

ನನಗೆ ಅರಿವಿಲ್ಲದೆ ಕೈ ಮುಂದೆ ಹೋಯಿತು. ಕಂದು ಆಡಿನ ಮೇಲೆ, ಕೂದಲು ಇಳಿಯುವ ದಿಕ್ಕಿಗೆ, ಐದೂ ಬೆರಳಿಟ್ಟೆ. ತಣ್ಣಗಿತ್ತು. ಗಾಜು.

"ಅಪ್ಪಾ" ಅಂದಳು ಲಕ್ಕವ್ವ. ಯಾವಾಗ ಬಂದು ಪಕ್ಕದಲ್ಲಿ ನಿಂತಿದ್ದಳೋ.

"ಲಕ್ಕೀ, ಇದು ತಪ್ಪು ಇಟ್ಟಾರಬೇ. ಇದು ಅದರದಲ್ಲ. ನಿನಗ ಕಾಣ್ತೈತಿಲ್ಲೋ?"

ಅವಳು ಹಾಳೆಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು ಅಂತ ನನಗೆ ಅನ್ನಿಸಿತು. ಹಿಂದೆ ಜನ ನಿಂತಿದ್ದರು, ಮುಂದೆ ನಡೀರಿ ಅಂತ ಯಾರೋ ಕೂಗಿದರು.

"ಗೊತ್ತಾಗವಲ್ದಪ್ಪಾ" ಅಂದಳು. "ಕೈ ತಗಿ. ಗಾಜು ಮುಟ್ಟಬಾರದು."

ನಾನು ಕೈ ತೆಗೆದೆ. ಅವಳು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಅರಿವೆ ಎಳೆದುಕೊಂಡು, ಗಾಜಿನ ಮೇಲೆ ಬಾಯಿಂದ ಹಾ ಅಂತ ಉಸಿರು ಬಿಟ್ಟು, ಅಲ್ಲಿ ಮೂಡಿದ್ದ ನನ್ನ ಬೆರಳುಗಳನ್ನು ಒಂದೊಂದಾಗಿ ಒರೆಸಿದಳು.